ಸರ್ಕಾರಿ ನೌಕರರ ಹಳೆ ಪಿಂಚಣಿಗೆ ಸರ್ಕಾರ ಮೊದಲೇ ದುಡ್ಡು ಎತ್ತಿಡುತ್ತದೆಯೇ?

ಇಲ್ಲ. ಕೊನೆಯ ಸಂಬಳದ ಲೆಕ್ಕದಲ್ಲಿ ಖಾತ್ರಿಯಾಗಿ ಸಿಗುವ ಈ ಪಿಂಚಣಿಗೆ ಅಂತ ಪ್ರತ್ಯೇಕ ನಿಧಿಯೇ ಇಲ್ಲ. ಆಯಾ ವರ್ಷದ ಬಜೆಟ್‌ನಿಂದಲೇ ಕೊಡುತ್ತಾರೆ. ನಿವೃತ್ತರ ಸಂಖ್ಯೆ, ತುಟ್ಟಿಭತ್ಯೆ ಎರಡೂ ಏರಿದಂತೆ ಹೊರೆ ಜಾಸ್ತಿಯಾಗುತ್ತದೆ, ಅಲ್ವಾ?

ಅದಕ್ಕೇ ಸೇನೆಯನ್ನು ಬಿಟ್ಟು, ಕೇಂದ್ರ 2004ರ ಜನವರಿಯಿಂದ ಕೆಲಸಕ್ಕೆ ಸೇರಿದವರನ್ನು ಎನ್‌ಪಿಎಸ್‌ಗೆ, ಅಂದರೆ ನೌಕರರು ಮತ್ತು ಸರ್ಕಾರ ಇಬ್ಬರೂ ದುಡ್ಡು ಕಟ್ಟುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ತಂದಿತು. ಕರ್ನಾಟಕದಲ್ಲಿ ಇದು 2006ರ ಏಪ್ರಿಲ್‌ನಿಂದ. ಮೂಲ ವೇತನ, ತುಟ್ಟಿಭತ್ಯೆ ಸೇರಿಸಿದ ಮೊತ್ತದಲ್ಲಿ ನೌಕರರು ಶೇ 10 ಕಟ್ಟುತ್ತಾರೆ. ಕೇಂದ್ರ ತನ್ನ ನೌಕರರಿಗೆ ಶೇ 14 ಹಾಕುತ್ತದೆ. ದುಡ್ಡೇನೋ ಖಾತೆಯಲ್ಲಿರುತ್ತದೆ, ಆದರೆ ಕೊನೆಗೆ ಪಿಂಚಣಿ ಎಷ್ಟು ಬರುತ್ತದೆ ಅನ್ನುವುದು ಮಾರುಕಟ್ಟೆಯ ಕೈಯಲ್ಲಿ. ಹೀಗೆ ಖಾತ್ರಿ ಇಲ್ಲದ್ದಕ್ಕೆ ನೌಕರರಿಗಿರುವ ಸಿಟ್ಟು ನ್ಯಾಯವಾದದ್ದೇ.

2025ರ ಏಪ್ರಿಲ್‌ನಲ್ಲಿ ಕೇಂದ್ರ ತನ್ನ ನೌಕರರಿಗೆ ತಂದ ಯುಪಿಎಸ್‌ನಲ್ಲಿ (ಏಕೀಕೃತ ಪಿಂಚಣಿ ಯೋಜನೆ) 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ. ಸರ್ಕಾರದ ಪಾಲು ಶೇ 18.5. ಹಳೆ ಪಿಂಚಣಿ ವಾಪಸ್ ತರುತ್ತೇವೆ ಅನ್ನುವವರು, ಅದಕ್ಕೊಂದು ನಿಧಿ ಮಾಡಿ ಈಗಿನಿಂದಲೇ ಎಷ್ಟು ಹಾಕುತ್ತೇವೆ ಅಂತಲೂ ಹೇಳಬೇಕು.