ರಕ್ತ ತಂದುಕೊಡುವವರು ಯಾರು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ಹಾರರ್ ಸಿನಿಮಾ ಅಂದ್ರೆ ನನಗೆ ಪ್ರಾಣ. ಆದರೆ ವ್ಯಾಂಪೈರ್ ಸಿನಿಮಾಗಳಲ್ಲಿ ಅದೇ ಹಳೇ ಕೋಟೆ, ಅದೇ ಶವಪೆಟ್ಟಿಗೆ ನೋಡಿ ನೋಡಿ ಸಾಕಾಗಿದೆ. ‘ಟ್ವಿಲೈಟ್’ ಬಂದಮೇಲಂತೂ ಅದು ಹೈಸ್ಕೂಲ್ ಪ್ರೇಮಕಥೆ ಆಗಿಹೋಯಿತು. ಸ್ವೀಡನ್ನಿನ ‘ಲೆಟ್ ದ ರೈಟ್ ಒನ್ ಇನ್’ ಒಂದೇ ನನ್ನನ್ನು ಅಲ್ಲಾಡಿಸಿಬಿಟ್ಟಿದ್ದು. ಅಂಥವು ಇನ್ನೂ ಇವೆಯಾ? ಎಲ್ಲರೂ ಹೇಳುವ ಹೆಸರುಗಳು ಬೇಡ.”

ಇವೆ, ಖಂಡಿತ ಇವೆ. ನೀವು 2008ರ ಆ ಸ್ವೀಡಿಷ್ ಸಿನಿಮಾದ ಹೆಸರು ಹೇಳಿದ್ದೇ ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಅದರಲ್ಲಿ ಒಂದು ಬಾಗಿಲಿನ ದೃಶ್ಯ ಇದೆ. ಒಳಗೆ ಬಾ ಅಂತ ಕರೆಯದೆ ವ್ಯಾಂಪೈರ್ ಮನೆಯೊಳಗೆ ಬರುವಂತಿಲ್ಲ. ಆಸ್ಕರ್ ಎಂಬ ಹುಡುಗ ಬೇಕೆಂದೇ ಕರೆಯುವುದಿಲ್ಲ. ವ್ಯಾಂಪೈರ್ ಆದ ಏಲಿ ಸುಮ್ನೆ ಒಳಗೆ ಬಂದು ನಿಲ್ಲುತ್ತಾಳೆ. ಅಷ್ಟೇ, ಅವಳ ಕಣ್ಣು, ಕಿವಿ, ಚರ್ಮದಿಂದ ರಕ್ತ ಒಸರಲು ಶುರುವಾಗುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ್ತಿಲಲ್ಲಿ ನಿಂತದ್ದಕ್ಕೆ ಏನು ಉತ್ತರ ಕೊಡುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ.

ಆದರೆ ನನ್ನನ್ನು ಆ ಸಿನಿಮಾದಲ್ಲಿ ಕಾಡಿದ್ದು ಇನ್ನೊಬ್ಬ. ಏಲಿಯ ಜೊತೆಗಿರುವ ವಯಸ್ಸಾದ ಗಂಡಸು. ಹಿಮ ಬಿದ್ದ ಪಾರ್ಕಿನಲ್ಲಿ ಒಬ್ಬನನ್ನು ಮರಕ್ಕೆ ತಲೆಕೆಳಗಾಗಿ ನೇತುಹಾಕಿ, ಆಲಿಕೆ ಇಟ್ಟು ಕ್ಯಾನಿಗೆ ರಕ್ತ ತುಂಬಿಸುತ್ತಾನೆ. ಯಾರದೋ ಬಿಳಿ ನಾಯಿ ಬಂದು ನೋಡುತ್ತಾ ಕೂರುತ್ತದೆ. ಅವನು ಗಾಬರಿಯಾಗಿ ಕ್ಯಾನನ್ನು ಅಲ್ಲೇ ಬಿಟ್ಟು ಓಡುತ್ತಾನೆ. ಬೇರೆ ದೆವ್ವಗಳಿಗೆ ಸೇಡು ಇರುತ್ತದೆ, ಶಾಪ ಇರುತ್ತದೆ. ವ್ಯಾಂಪೈರ್‌ಗೆ ಇರುವುದು ಹಸಿವು. ಹಸಿದವರಿಗೆ ದಿನಾ ಊಟ ಬೇಕು. ಅದನ್ನು ಯಾರೋ ತರಬೇಕು. ಈ ಇಪ್ಪತ್ತು ವರ್ಷಗಳ ಒಳ್ಳೆಯ ವ್ಯಾಂಪೈರ್ ಸಿನಿಮಾಗಳು ಹೆಚ್ಚಾಗಿ ಹಲ್ಲಿನ ಕಥೆ ಹೇಳುವುದಿಲ್ಲ. ಊಟ ತಂದುಕೊಡುವವರ ಕಥೆ ಹೇಳುತ್ತವೆ.

ಆ ದೃಷ್ಟಿಯಿಂದ ನಾನು ಮೊದಲು ಹೇಳುವ ಹೆಸರು ‘ಮೈ ಹಾರ್ಟ್ ಕಾಂಟ್ ಬೀಟ್ ಅನ್‌ಲೆಸ್ ಯು ಟೆಲ್ ಇಟ್ ಟು’. 2020ರದ್ದು, ಜೊನಾಥನ್ ಕ್ವಾರ್ಟಾಸ್ ಅವರ ಮೊದಲ ಚಿತ್ರ. ಒಂದು ಮನೆ, ಮೂವರು ಒಡಹುಟ್ಟಿದವರು. ಕೊನೆಯ ತಮ್ಮ ಥಾಮಸ್‌ಗೆ ಕಾಯಿಲೆ. ಬಿಸಿಲಿಗೆ ಹೋಗುವಂತಿಲ್ಲ, ಮನುಷ್ಯರ ರಕ್ತ ಬಿಟ್ಟರೆ ಬೇರೇನೂ ಒಗ್ಗುವುದಿಲ್ಲ. ಅಣ್ಣ ಡ್ವೈಟ್ ರಾತ್ರಿ ಗಾಡಿ ತೆಗೆದುಕೊಂಡು ಹೋಗಿ, ಮನೆಮಠ ಇಲ್ಲದ, ಕಾಣೆಯಾದರೂ ಯಾರೂ ಹುಡುಕದ ಜನರನ್ನು ಕರೆತರುತ್ತಾನೆ. ಅಕ್ಕ ಜೆಸ್ಸಿ ಹೋಟೆಲಿನಲ್ಲಿ ಕೆಲಸ ಮಾಡುತ್ತಾಳೆ, ಮನೆಯನ್ನು ಬಿಗಿ ಹಿಡಿದು ನಡೆಸುತ್ತಾಳೆ. ಕೊಲೆ ಮಾಡಿ ಮಾಡಿ ಅಣ್ಣ ಸವೆದುಹೋಗಿದ್ದಾನೆ. ತಮ್ಮನಿಗೋ ಒಬ್ಬ ಗೆಳೆಯ ಬೇಕು, ಕಿಟಕಿಯ ಆಚೆ ಹೋಗಬೇಕು.

ಮನೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಈ ಸಿನಿಮಾ ಬೇರೆ ಥರಾನೇ ತಟ್ಟುತ್ತದೆ. ಪ್ರೀತಿಯೂ ಹೌದು, ಸುಸ್ತೂ ಹೌದು, ‘ಇದು ಯಾವಾಗ ಮುಗಿಯುತ್ತೋ’ ಅಂತ ಅನ್ನಿಸಿ ತಕ್ಷಣ ನಾಚಿಕೆಯಾಗುವುದೂ ಹೌದು. ಅದನ್ನೆಲ್ಲ ಇಷ್ಟು ನೇರವಾಗಿ ತೋರಿಸಿದ ಹಾರರ್ ಸಿನಿಮಾ ನಾನು ಹೆಚ್ಚು ನೋಡಿಲ್ಲ. ಚೌಕಾಕಾರದ ಇಕ್ಕಟ್ಟಾದ ಚೌಕಟ್ಟಿನಲ್ಲಿ ಚಿತ್ರೀಕರಿಸಿದ್ದಾರೆ. ಆ ಮನೆಯೊಳಗೆ ನಮಗೂ ಉಸಿರು ಕಟ್ಟುತ್ತದೆ.

ಎರಡನೆಯದು ಸ್ವಲ್ಪ ಹಳೆಯದು, ಆದರೂ ಬಿಡಲಾರೆ. ‘ಕ್ರೋನೋಸ್’. ಗಿಯೆರ್ಮೊ ಡೆಲ್ ಟೋರೊ ಆಮೇಲೆ ಆಸ್ಕರ್ ಗೆದ್ದು ಮನೆಮಾತಾದರು. ಇದು ಅವರ ಮೊದಲ ಚಿತ್ರ, 1993ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ್ದು. ಮೆಕ್ಸಿಕೋದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿರುವ ಒಬ್ಬ ಅಜ್ಜ. ಅವನಿಗೆ ದೇವದೂತನ ವಿಗ್ರಹದ ಪೀಠದೊಳಗೆ ಒಂದು ಚಿನ್ನದ ಯಂತ್ರ ಸಿಗುತ್ತದೆ. ಅಂಗೈಯಲ್ಲಿ ಹಿಡಿದರೆ ಜೀರುಂಡೆಯಂತೆ ಕಾಲು ಚಾಚಿ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ಅಜ್ಜನಿಗೆ ಮತ್ತೆ ಯೌವನ ಬರುತ್ತದೆ, ಜೊತೆಗೆ ದಾಹವೂ.

ಹೊಸ ವರ್ಷದ ಪಾರ್ಟಿಯಲ್ಲಿ ಒಬ್ಬನ ಮೂಗಿನಿಂದ ರಕ್ತ ಸೋರುತ್ತದೆ. ಅವನು ಬಚ್ಚಲಿಗೆ ಹೋಗುತ್ತಾನೆ, ಅಜ್ಜ ಹಿಂದೆಯೇ ಹೋಗುತ್ತಾನೆ. ಬೇಸಿನ್ ಪಕ್ಕ ಬಿದ್ದ ರಕ್ತಕ್ಕೆ ಅಜ್ಜ ಕೈಹಾಕುವ ಹೊತ್ತಿಗೆ ಇನ್ಯಾರೋ ಬಂದು ಅದನ್ನು ಒರೆಸಿಬಿಡುತ್ತಾರೆ. ಆಗ ಬಿಳಿ ನೆಲದ ಮೇಲೆ ಒಂದು ಹನಿ ಕಾಣುತ್ತದೆ. ಸೂಟು ಹಾಕಿದ ಆ ಮರ್ಯಾದಸ್ಥ ಮುದುಕ ನೆಲಕ್ಕೆ ಬಾಗಿ, ಮಲಗಿ, ಆ ಹನಿಯನ್ನು ನೆಕ್ಕುತ್ತಾನೆ. ಅಲ್ಲಿ ನಾನು ಸಿನಿಮಾ ನಿಲ್ಲಿಸಿ ಎದ್ದುಹೋಗಿ ನೀರು ಕುಡಿದು ಬಂದೆ. ಹೆದರಿಕೆಗಿಂತ ಜಾಸ್ತಿ ಸಂಕಟವಾಗಿತ್ತು. ಅವನ ಜೊತೆಗೆ ನಿಲ್ಲುವವಳು ಮೊಮ್ಮಗಳು ಔರೋರಾ. ಹೆಚ್ಚುಕಡಿಮೆ ಮಾತೇ ಆಡದ ಪುಟ್ಟ ಹುಡುಗಿ. ಬಿಸಿಲು ತಾಗದಂತೆ ಅಜ್ಜನನ್ನು ತನ್ನ ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾಳೆ. ನೀವು ನೋಡಿ ಸಾಕಾದ ಶವಪೆಟ್ಟಿಗೆ ಇಲ್ಲಿ ಏನಾಗಿದೆ ನೋಡಿ.

ಕೊರಿಯಾದ ‘ಪ್ಯಾರಸೈಟ್’ ಸಿನಿಮಾ ನೋಡಿದ್ದರೆ ನಟ ಸಾಂಗ್ ಕಾಂಗ್-ಹೋ ನಿಮಗೆ ಗೊತ್ತು, ಅಲ್ವಾ? ಪಾರ್ಕ್ ಚಾನ್-ವೂಕ್ ಅವರ ‘ಥರ್ಸ್ಟ್’ನಲ್ಲಿ (2009) ಅವರು ಕ್ಯಾಥೊಲಿಕ್ ಪಾದ್ರಿ. ರೋಗಕ್ಕೆ ಲಸಿಕೆ ಹುಡುಕುವ ಪ್ರಯೋಗಕ್ಕೆ ತಾನಾಗಿಯೇ ಮೈ ಒಡ್ಡುತ್ತಾನೆ, ಯಾರದೋ ರಕ್ತ ಕೊಡಿಸಿಕೊಂಡು ಬದುಕುತ್ತಾನೆ, ವ್ಯಾಂಪೈರ್ ಆಗುತ್ತಾನೆ. ಕೊಲ್ಲಲು ಮನಸ್ಸಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಕೋಮಾದಲ್ಲಿರುವ ರೋಗಿಯ ಮಂಚದ ಪಕ್ಕ ನೆಲದ ಮೇಲೆ ಮಲಗಿ, ನಳಿಕೆ ಬಾಯಲ್ಲಿಟ್ಟು ಮಗುವಿನಂತೆ ಹೀರುತ್ತಾನೆ. ಆಮೇಲೆ ಅವನ ಜೀವನಕ್ಕೆ ಬರುವ ಹೆಂಗಸಿಗೆ ಇಂಥ ಹಿಂಜರಿಕೆ ಯಾವುದೂ ಇಲ್ಲ. ತಂದುಕೊಟ್ಟದ್ದು ಅವಳಿಗೆ ಸಾಲದು, ತಾನೇ ಬೇಟೆಯಾಡಬೇಕು. ಕಥೆಯ ಎಳೆ 1867ರ ಎಮಿಲ್ ಜೋಲಾ ಕಾದಂಬರಿ ‘ತೆರೇಸ್ ರಕ್ಯಾಂ’ನದು. ಎರಡು ಗಂಟೆ ಮೀರಿದ ಸಿನಿಮಾ, ನಡುವೆ ಸ್ವಲ್ಪ ಎಳೆದಂತೆ ಅನ್ನಿಸಬಹುದು. ಕೊನೆಯ ಹದಿನೈದು ನಿಮಿಷಕ್ಕಾಗಿ ತಾಳಿಕೊಳ್ಳಿ.

ತಂದುಕೊಡುವವರೇ ಇಲ್ಲದಿದ್ದರೆ? ಅದು ‘ದ ಟ್ರಾನ್ಸ್‌ಫಿಗರೇಶನ್’ (2016). ನ್ಯೂಯಾರ್ಕಿನ ಸರ್ಕಾರಿ ವಸತಿಯಲ್ಲಿ ಅಣ್ಣನ ಜೊತೆ ಇರುವ ಅನಾಥ ಹುಡುಗ ಮಿಲೋ. ತಾನು ವ್ಯಾಂಪೈರ್ ಎಂದು ನಂಬಿದ್ದಾನೆ. ವ್ಯಾಂಪೈರ್ ನಿಯಮಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಕುಡಿದ ರಕ್ತ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ವಾಂತಿಯಾಗುತ್ತದೆ. ‘ಟ್ವಿಲೈಟ್’ ಬಗ್ಗೆ ಅವನ ಅಭಿಪ್ರಾಯವೂ ನಿಮ್ಮದೇ: ಅದು ನಿಜದ ಥರ ಇಲ್ಲ ಅನ್ನುತ್ತಾನೆ! ನಿರ್ದೇಶಕ ಮೈಕಲ್ ಓಶೇ. ಈ ಪಟ್ಟಿಯಲ್ಲಿ ಜನ ಅತಿ ಕಡಿಮೆ ನೋಡಿರುವುದು ಬಹುಶಃ ಇದೇ.

ಇಷ್ಟೆಲ್ಲ ಭಾರ ಬೇಡ ಅನ್ನಿಸಿದ ದಿನಕ್ಕೆ ಕೆನಡಾದ ಕ್ವಿಬೆಕ್‌ನ ‘ಹ್ಯೂಮನಿಸ್ಟ್ ವ್ಯಾಂಪೈರ್ ಸೀಕಿಂಗ್ ಕನ್ಸೆಂಟಿಂಗ್ ಸುಯಿಸೈಡಲ್ ಪರ್ಸನ್’ (2023) ಇದೆ. ಕೊಲ್ಲಲು ಒಪ್ಪದ ಹುಡುಗಿಗೆ ಅಪ್ಪ ಅಮ್ಮ ರಕ್ತ ಕೊಡುವುದನ್ನೇ ನಿಲ್ಲಿಸುತ್ತಾರೆ. ನಗು ಇದೆ, ಮೃದುವಾಗಿದೆ. ಆದರೆ ಸಾಯಬೇಕೆನ್ನುವ ಹುಡುಗನೊಬ್ಬ ಕಥೆಯ ನಡುವಿದ್ದಾನೆ. ಮನಸ್ಸು ಸರಿಯಿಲ್ಲದ ಹೊತ್ತಿನಲ್ಲಿ ನೋಡಬೇಡಿ.

‘ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್’ (2014) ನನ್ನ ಊಟದ ಲೆಕ್ಕಕ್ಕೆ ಕೂರುವುದಿಲ್ಲ, ಆದರೂ ಹೇಳದಿರಲಾರೆ. ಪರ್ಷಿಯನ್ ಭಾಷೆ, ಕಪ್ಪು-ಬಿಳುಪು, ಚಿತ್ರೀಕರಣ ಮಾತ್ರ ಕ್ಯಾಲಿಫೋರ್ನಿಯಾದ್ದು. ಅನಾ ಲಿಲಿ ಅಮೀರ್‌ಪೂರ್ ನಿರ್ದೇಶನ. ಚಾದರ ಹೊದ್ದ ಹುಡುಗಿ ಖಾಲಿ ಬೀದಿಯಲ್ಲಿ ಸ್ಕೇಟ್‌ಬೋರ್ಡಿನ ಮೇಲೆ ತೇಲಿಬರುತ್ತಾಳೆ, ಚಾದರ ಗಾಳಿಗೆ ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ. ಡ್ರಾಕುಲಾನ ಕಪ್ಪು ನಿಲುವಂಗಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೊಸದು ಮಾಡಿಲ್ಲ.

ಇವೆಲ್ಲ ದೊಡ್ಡವರಿಗಷ್ಟೇ, ಮಕ್ಕಳ ಜೊತೆ ಕೂತು ನೋಡುವಂಥವಲ್ಲ. ಕನ್ನಡಕ್ಕೆ ಡಬ್ ಆದದ್ದನ್ನು ನಾನು ಕಂಡಿಲ್ಲ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ‘ಕ್ರೋನೋಸ್’ನಿಂದ ಶುರು ಮಾಡಿ, ಡ್ವೈಟ್ ಮತ್ತು ಥಾಮಸ್‌ರ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ. ನೋಡಿದ ಮೇಲೆ ಬರೆಯಿರಿ. ಆ ಅಕ್ಕನನ್ನು ನೀವು ಕ್ಷಮಿಸಿದಿರೋ ಇಲ್ಲವೋ ತಿಳಿಯುವ ಆಸೆ ನನಗಿದೆ.

— ಸಂ.