ಕೊನೆಯ ಕಾರು ಮೇಳ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಸ್ವಯಂಸೇವಕರೇ ವರ್ಷಗಟ್ಟಲೆ ನಡೆಸಿಕೊಂಡು ಬಂದ ಹಳೆಯ ಕಾರುಗಳ ಮೇಳವನ್ನು ನಿಲ್ಲಿಸುವ ಬಗ್ಗೆ ಬಂದ ಪತ್ರಗಳಿಂದ ನಾಲ್ಕು ಪ್ರಶ್ನೆಗಳನ್ನು ಈ ಸಲ ಆಯ್ದಿದ್ದೇವೆ.

ಪ್ರಶ್ನೆ: ಓಡಾಡಿ ಕೆಲಸ ಮಾಡುವ ಜನ ಕಡಿಮೆಯಾದ್ದರಿಂದ ನಮ್ಮ ವಾರ್ಷಿಕ ಮೇಳ ಈ ಬಾರಿಗೆ ಕೊನೆ. ಇದನ್ನು ಮೊದಲೇ ಸಾರಬೇಕೋ, ಮುಗಿದ ಮೇಲೆ ಹೇಳಿದರೆ ಸಾಕೋ?

ಮೊದಲೇ ಹೇಳಿ. ಮುಗಿದ ಮೇಲೆ ಹೇಳಿದರೆ ಇಷ್ಟು ವರ್ಷ ತಪ್ಪದೆ ಬಂದವರಿಗೆ ಬೇಸರವಾಗುತ್ತದೆ, ಅದು ನ್ಯಾಯವೇ. ಆದರೆ 'ಇದೇ ಕೊನೆ' ಎಂದ ಕೂಡಲೇ ಶೆಡ್ಡಿನ ಮೂಲೆ ಹಿಡಿದಿದ್ದ ಗಾಡಿಗಳೂ ಹೊರಡುತ್ತವೆ. ನೋಡಲು ಬರುವವರೂ ಹೆಚ್ಚುತ್ತಾರೆ, ನಿಮ್ಮ ಕೈಗಳು ಮಾತ್ರ ಹೆಚ್ಚುವುದಿಲ್ಲ. ಹಾಗಾಗಿ ಮುಂಗಡ ನೋಂದಣಿ ಇಲ್ಲದ ಕಾರನ್ನು ಒಳಗೆ ಬಿಡಬೇಡಿ. ಎಷ್ಟು ಕಾರು ಎಂಬುದನ್ನು ಮೈದಾನ ಅಳೆದೇ ತೀರ್ಮಾನಿಸಿ.

ಬಾಗಿಲು, ಬಾನೆಟ್ ತೆರೆದು ನಿಲ್ಲುವ ಕಾರಿಗೆ 3 ಮೀಟರ್ ಅಗಲ, 6 ಮೀಟರ್ ಉದ್ದದ ಜಾಗ ಬೇಕು. ಎದುರುಬದುರು ಎರಡು ಸಾಲುಗಳ ನಡುವೆ 6 ಮೀಟರ್ ದಾರಿ ಬಿಟ್ಟರೆ ಒಂದು ಕಾರಿನ ಪಾಲಿಗೆ 27 ಚದರ ಮೀಟರ್. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್, ಕಾಗದದ ಮೇಲೆ 149 ಕಾರು ಹಿಡಿಸುತ್ತದೆ. ಅಂಗಡಿ, ಶೌಚಾಲಯ, ಅಗ್ನಿಶಾಮಕ ವಾಹನದ ದಾರಿ ಎಲ್ಲ ಕಳೆದರೆ 100ಕ್ಕಿಂತ ಹೆಚ್ಚು ಒಪ್ಪಿಕೊಳ್ಳದಿರುವುದೇ ಕ್ಷೇಮ.

ಎಡವಟ್ಟಾಗುವುದು ಸಾಮಾನ್ಯವಾಗಿ ಮೈದಾನದಲ್ಲಲ್ಲ, ಗೇಟಿನ ಹೊರಗಿನ ಸಾಲಿನಲ್ಲಿ. ಎಂಜಿನ್ನಿನಿಂದಲೇ ತಿರುಗುವ ಫ್ಯಾನ್ ಇರುವ ಕಾರು ನಿಂತು ನಿಂತು ಸಾಗುವಾಗ ಫ್ಯಾನೂ ನಿಧಾನ, ಎದುರುಗಾಳಿಯೂ ಇಲ್ಲ. ರೇಡಿಯೇಟರ್ ಕುದಿಯುತ್ತದೆ. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪಿಗೆ ಸಿಗದೆ ಎಂಜಿನ್ ನಿಂತೂ ಹೋಗುತ್ತದೆ. ಅರ್ಧ ಗಂಟೆಗೆ ಇಷ್ಟು ಕಾರು ಎಂದು ಸಮಯ ಹಂಚಿ, ಹಣ ಮತ್ತು ಚೀಟಿಯ ಕೆಲಸವನ್ನು ಗೇಟಿನಲ್ಲಿ ಇಟ್ಟುಕೊಳ್ಳಬೇಡಿ. ಒಣಹುಲ್ಲಿನ ಮೈದಾನವಾದರೆ ಮೊದಲೇ ಕತ್ತರಿಸಿ, ಕತ್ತರಿಸಿದ್ದನ್ನು ಗುಡಿಸಿ ತೆಗೆಯಿರಿ. ಬಿಸಿ ಸೈಲೆನ್ಸರ್ ತಾಗಿದರೆ ಬೆಂಕಿ ಹತ್ತಲು ಅಷ್ಟೇ ಸಾಕು. ಪೆಟ್ರೋಲ್ ಬೆಂಕಿಗೆ ನೀರು ಕೂಡದು, ಒಣಪುಡಿ ಅಥವಾ ನೊರೆಯ ಸಿಲಿಂಡರ್ ಬೇಕು.

ಸಂಜೆ ಹೊರಡುವ ಹೊತ್ತಿಗೆ ಜನ ಕಾರುಗಳ ನಡುವೆಯೇ ಇರುತ್ತಾರೆ. ಗೊತ್ತುಪಡಿಸಿದ ಗಂಟೆಗೆ ಮೊದಲು ಯಾವ ಎಂಜಿನ್ನೂ ಶುರುವಾಗಬಾರದು. ಶುರುವಾದ ಮೇಲೂ ಮುಂದೆ ಒಬ್ಬರು ನಡೆದು ದಾರಿ ಬಿಡಿಸಬೇಕು.

ಪ್ರಶ್ನೆ: ಉಳಿದ ಹಣ, ಶಾಮಿಯಾನ, ವಾಕಿಟಾಕಿಗಳನ್ನು ಸಮಿತಿಯವರೇ ಹಂಚಿಕೊಳ್ಳಬಹುದೇ?

ಬೇಡ. ಸಂಘವಾಗಿ ನೋಂದಣಿಯಾಗಿದ್ದರೆ ವಿಸರ್ಜನೆಯ ಕ್ರಮ ಬೈಲಾದಲ್ಲೇ ಇರುತ್ತದೆ, ಅದರಂತೆ ನಡೆಯಿರಿ. ಇಲ್ಲದಿದ್ದರೂ ಮೊದಲು ನೀವು ಕೊಡಬೇಕಾದವರ ಬಾಕಿ, ಆಮೇಲೆ ಮುಂಗಡ ಕೊಟ್ಟವರಿಗೆ ಮರಳಿಸಬೇಕಾದ್ದು, ಕೊನೆಗೆ ಉಳಿಕೆ. ಮೇಳ ಮುಗಿದ ವಾರವೇ ಬ್ಯಾಂಕ್ ಖಾತೆ ಮುಚ್ಚುವುದು ಸಾಮಾನ್ಯ ತಪ್ಪು. ಮೈದಾನದ ಠೇವಣಿ ಆಮೇಲೆ ಬರುತ್ತದೆ, ತಡವಾದ ಬಿಲ್ಲುಗಳೂ ಬರುತ್ತವೆ. ಸಹಿ ಹಾಕುವ ಇಬ್ಬರಲ್ಲಿ ಒಬ್ಬರು ಬಿಡುವವರಿದ್ದರೆ ಅವರು ಹೋಗುವ ಮೊದಲೇ ಬದಲಿ ಸಹಿ ದಾಖಲಿಸಿ. ವಿಮೆಯ ಕಾಗದ ಎಸೆಯಬೇಡಿ: ಮೇಳದ ದಿನ ಕಾಲು ಮುರಿದವರ ಪರಿಹಾರದ ಅರ್ಜಿ ಎಷ್ಟೋ ತಿಂಗಳ ಮೇಲೂ ಬರಬಹುದು.

ಹಳೆಯ ನೋಂದಣಿ ಪುಸ್ತಕ, ಫೋಟೊಗಳಿಗೆ ಹಣಕ್ಕಿಂತ ಹೆಚ್ಚು ಬೆಲೆ. ಸ್ಕ್ಯಾನ್ ಮಾಡಿ, ಪ್ರತಿ ಫೋಟೊದ ಜೊತೆ ವರ್ಷ ಬರೆಯಿರಿ. ಗೊತ್ತಿದ್ದರೆ ಕಾರಿನ ಷಾಸಿ ಸಂಖ್ಯೆಯನ್ನೂ ಸೇರಿಸಿ. ನಂಬರ್ ಪ್ಲೇಟ್ ಬದಲಾಗುತ್ತದೆ, ಷಾಸಿ ಸಂಖ್ಯೆ ಬದಲಾಗುವುದಿಲ್ಲ.

ಪ್ರಶ್ನೆ: ಬೇರೆಯವರು ಅದೇ ಹೆಸರಲ್ಲಿ ಮುಂದುವರಿಸುತ್ತೇವೆ ಎನ್ನುತ್ತಿದ್ದಾರೆ. ಕೊಡೋಣವೇ?

ಕೊಡಿ, ಬರಹದಲ್ಲಿ. ಯಾವ ದಿನದಿಂದ ಹೊಣೆ ಅವರದು ಎಂಬುದು ಅದರಲ್ಲಿರಲಿ, ವಿಮೆ ಅವರ ಹೆಸರಲ್ಲೇ ಆಗಲಿ. ಕಾರು ಮಾಲೀಕರ ದೂರವಾಣಿ ಪಟ್ಟಿಯನ್ನು ಮಾತ್ರ ಅವರವರನ್ನು ಕೇಳದೆ ದಾಟಿಸಬೇಡಿ. ಕೈ ಬದಲಾದರೂ ಉಳಿದದ್ದಕ್ಕೆ ಇಂಗ್ಲೆಂಡಿನ ಹಳೆಯ ಕಾರುಗಳ ಲಂಡನ್–ಬ್ರೈಟನ್ ಓಟವೇ ಸಾಕ್ಷಿ. ಅದೇ ದಾರಿಯಲ್ಲಿ ನಡೆದ 1896ರ ಕಾರು ಯಾತ್ರೆಯ ನೆನಪಿಗೆ 1927ರಲ್ಲಿ ಶುರುವಾದ ಅದನ್ನು 1930ರಿಂದ ರಾಯಲ್ ಆಟೊಮೊಬೈಲ್ ಕ್ಲಬ್ ನಡೆಸುತ್ತಿದೆ. ಹೊಸಬರು ಮೊದಲ ವರ್ಷ ಕೇಳುವುದು ಗೇಟಿನ ನಕ್ಷೆ, ಅನುಮತಿಯ ಅರ್ಜಿಗಳು, ಯಾವ ಕೆಲಸಕ್ಕೆ ಎಷ್ಟು ಜನ ಎಂಬ ಪಟ್ಟಿ. ಅವು ನಿಮ್ಮ ತಲೆಯಲ್ಲಷ್ಟೇ ಇದ್ದರೆ ಈಗಲೇ ಕಾಗದಕ್ಕಿಳಿಸಿ.

ಪ್ರಶ್ನೆ: ನನ್ನ ಕಾರು ವರ್ಷಕ್ಕೊಮ್ಮೆ ಮೇಳಕ್ಕೆಂದೇ ಸಿದ್ಧವಾಗುತ್ತಿತ್ತು. ಇನ್ನು ಅದು ನಿಂತೇ ಇರುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ಲವೇ?

ಅದಕ್ಕಿಂತ ಸುಮ್ಮನೆ ಬಿಡುವುದು ಮೇಲು. ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ನೀರು ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ಉಳಿದು ತುಕ್ಕು ತರುತ್ತದೆ. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆಯಂಥದ್ದು ಕಂಡರೆ ಅದೇ ಇದರ ಗುರುತು (ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಗ್ಯಾಸ್ಕೆಟ್ ಪರೀಕ್ಷಿಸಿ). ತಿಂಗಳಿಗೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಅದು ಆಗದೆಂದರೆ ಸರಿಯಾಗಿ ನಿಲ್ಲಿಸಿ.

ಮೊದಲು ಆಯಿಲ್, ಫಿಲ್ಟರ್ ಬದಲಿಸಿ; ಬಳಸಿದ ಆಯಿಲ್‌ನ ಆಮ್ಲ ಬೇರಿಂಗುಗಳನ್ನು ತಿನ್ನುತ್ತದೆ. ಕಬ್ಬಿಣದ ಟ್ಯಾಂಕ್ ಆದರೆ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ ಪೂರ್ತಿ ತುಂಬಿಸಿ, ಖಾಲಿ ಜಾಗದಲ್ಲಿ ಹನಿ ಕಟ್ಟುವುದು ತಪ್ಪುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಅತಿಯಾದಾಗ ನೀರು ಎಥೆನಾಲ್ ಸಮೇತ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರ್ ಪೈಪುಗಳಿಗೂ ಅದು ಒಗ್ಗದು. ಆದ್ದರಿಂದ ಟ್ಯಾಂಕಿನಿಂದ ಪೆಟ್ರೋಲ್ ಬರುವುದನ್ನು ತಡೆದು, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ.

ಬ್ರೇಕ್ ಫ್ಲೂಯಿಡ್ ಕೂಡ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಸೇರಿದ ಸ್ಥಿತಿಗೆ ಅದರ ಕನಿಷ್ಠ ಮಿತಿ 155. ಬ್ರೇಕ್ ಸಿಲಿಂಡರಿನ ಒಳಗೆ ತುಕ್ಕು ಹಿಡಿಯುವುದೂ ಈ ತೇವದಿಂದಲೇ. ಕಾರು ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ಯಾಟರಿ ಬಿಚ್ಚಿಡಿ: 12 ವೋಲ್ಟಿನದಾದರೆ 12.6 ವೋಲ್ಟ್ ಎಂದರೆ ತುಂಬಿದೆ, 12.4ಕ್ಕೆ ಇಳಿಯುವ ಮೊದಲೇ ಚಾರ್ಜ್ ಮಾಡಿ.

ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನರ್ ಡ್ರಮ್ಮಿಗೆ ಅಂಟುತ್ತದೆ. ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಟೈರಿನ ತಳ ಚಪ್ಪಟೆಯಾಗದಂತೆ ಕಾರನ್ನು ಆ್ಯಕ್ಸಲ್ ಸ್ಟ್ಯಾಂಡ್ ಮೇಲೆ ಏರಿಸಬಹುದು, ಇಲ್ಲವೇ ಆಗಾಗ ಸ್ವಲ್ಪ ಉರುಳಿಸಿ ನಿಲ್ಲಿಸಬಹುದು. ಪಟ್ಟೆ ಸವೆದಿಲ್ಲ ಎಂದು ಟೈರ್ ನಂಬಬೇಡಿ, ಬದಿಯಲ್ಲಿರುವ ನಾಲ್ಕು ಅಂಕಿ ಓದಿ: 2315 ಎಂದರೆ 2015ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಬದಲಿಸದೆ ರಸ್ತೆಗಿಳಿಸಬೇಡಿ.

ಇಲಿ ನುಗ್ಗದಂತೆ ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರಿಗೆ ಜಾಲರಿ ತುರುಕಿ. ಎಲ್ಲೆಲ್ಲಿ ತುರುಕಿದ್ದೀರಿ, ಏನೇನು ಬಿಚ್ಚಿದ್ದೀರಿ ಎಂದು ಬರೆದ ಚೀಟಿಯನ್ನು ಸ್ಟಿಯರಿಂಗಿಗೇ ಕಟ್ಟಿಡಿ. ಮುಂದೆ ಕೀಲಿ ತಿರುಗಿಸುವವರು ನೀವೇ ಆಗಿರಬೇಕೆಂದೇನಿಲ್ಲ.