ಸುಣ್ಣದ ಹರಳು ನೋಡಿ ಎರೆ ಹೊಲದ ವಯಸ್ಸು ಹೇಳಬಹುದಾ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಎರೆ ಹೊಲ. ಈ ಬೇಸಿಗೆಯಲ್ಲಿ ಕೃಷಿ ಹೊಂಡ ತೋಡಿಸಿದಾಗ ಮೂರು ಅಡಿ ಕೆಳಗೆ ಬಿಳಿ ಸುಣ್ಣದ ಹರಳು ಸಿಕ್ಕವು. ನಿಂಬೆಹುಳಿ ಹಿಂಡಿದರೆ ನೊರೆ ಬಂತು. ಸುಣ್ಣ ಎಷ್ಟಿದೆ ಅಂತ ಅಳೆದು ಮಣ್ಣಿನ ವಯಸ್ಸು ಹೇಳಬಹುದು ಎಂದು ಮಗಳು ಓದಿದ್ದಾಳಂತೆ. ನಿಜಾನಾ?

ಉತ್ತರ: ಮಗಳು ಓದಿದ್ದು ನಿಜ. ಆದರೆ ಆ ಲೆಕ್ಕ ನಿಮ್ಮ ಹೊಲಕ್ಕೆ ಹೊಂದೋದು ಕಷ್ಟ.

ಬೇರು ಉಸಿರಾಡುವಾಗ ಬಿಡುವ ಇಂಗಾಲದ ಡೈ ಆಕ್ಸೈಡ್ ಮಣ್ಣಿನ ನೀರಿನಲ್ಲಿ ಕರಗುತ್ತದೆ. ಹುಳಿಯಾದ ಆ ನೀರು ಮೇಲಿನ ಕ್ಯಾಲ್ಸಿಯಂ ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ. ಮಳೆ ಕಡಿಮೆ ಇರುವ ಕಡೆ ಅದು ಎರಡು ಮೂರು ಅಡಿ ಇಳಿಯುವಷ್ಟರಲ್ಲೇ ಒಣಗುತ್ತದೆ, ಸುಣ್ಣ ಅಲ್ಲೇ ಕೂರುತ್ತದೆ. ಕಲಘಟಗಿ ಕಡೆಯ ಮಳೆಗೆ ಇದು ತೊಳೆದು ಹೋಗುತ್ತದೆ, ರೋಣ, ನರಗುಂದದ ಮಳೆಗೆ ಉಳಿಯುತ್ತದೆ.

ಈ ಸುಣ್ಣ ಕೂರುವ ಕ್ರಮವನ್ನು ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಕೆಲಸ ಮಾಡಿದ ಮಣ್ಣು ವಿಜ್ಞಾನಿಗಳಾದ ಗೈಲ್, ಪೀಟರ್ಸನ್, ಗ್ರಾಸ್‌ಮನ್ 1966ರಲ್ಲಿ ನಾಲ್ಕು ಹಂತವಾಗಿ ಬರೆದರು. ಮೊದಲು ದಾರದಂಥ ಬಿಳಿ ಗೆರೆ ಅಥವಾ ಕಲ್ಲಿನ ಮೇಲೆ ತೆಳು ಲೇಪ. ಆಮೇಲೆ ಹರಳು. ಮೂರನೆಯದರಲ್ಲಿ ಸಂದುಗಳೆಲ್ಲ ಮುಚ್ಚಿ ಗಟ್ಟಿ ಪದರ. ನಾಲ್ಕನೆಯದರಲ್ಲಿ ಅದರ ಮೇಲೆ ಹಾಳೆ ಹಾಸಿದಂತೆ ಇನ್ನೊಂದು.

ವಯಸ್ಸಿನ ಲೆಕ್ಕ ಸರಳ. ಒಂದು ಚದರ ಸೆಂ.ಮೀ. ಅಗಲ, ಒಂದು ಮೀಟರ್ ಆಳದ ಮಣ್ಣಿನ ಕಂಬ ಊಹಿಸಿಕೊಳ್ಳಿ. ಸುಮಾರು 140 ಗ್ರಾಂ ಮಣ್ಣು. ಅದರಲ್ಲಿ ನೂರಕ್ಕೆ 10 ಪಾಲು ಸುಣ್ಣ ಇದ್ದರೆ 14 ಗ್ರಾಂ. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ಬಳಿ ಅಷ್ಟೇ ಅಗಲದ ಕಂಬದಲ್ಲಿ 1000 ವರ್ಷಕ್ಕೆ ಸುಮಾರು 0.22 ಗ್ರಾಂ ಕೂರುತ್ತದೆ ಎಂದು ಲೆಕ್ಕ ಹಾಕಿದ್ದಾರೆ. 14ನ್ನು ಅದರಿಂದ ಭಾಗಿಸಿದರೆ 64 ಸಾವಿರ ವರ್ಷ. ಅದೇ ರಾಜ್ಯದ ರಾಸ್ವೆಲ್‌ನ ದರ 0.51. ಆ ದರ ಹಿಡಿದರೆ 27 ಸಾವಿರಕ್ಕೆ ಇಳಿಯುತ್ತದೆ! ಮಣ್ಣು ಒಂದೇ, ವಯಸ್ಸು ಮಾತ್ರ ಅರ್ಧಕ್ಕಿಂತ ಕಡಿಮೆ. ದರ ಗೊತ್ತಿಲ್ಲದೆ ಬಡ್ಡಿ ಲೆಕ್ಕ ಹಾಕಿದಂಗೆ ಅಲ್ವಾ?

ಅಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಧೂಳಿನಿಂದ, ಮಳೆಯಿಂದ ಬರುತ್ತದೆ. ನಮ್ಮಲ್ಲಿ ಕೆಳಗಿನ ಬಂಡೆ ಸವೆದೂ ಬರುತ್ತದೆ. ಹಾಗಾಗಿ ಅವರ ದರ ತಂದು ಇಲ್ಲಿ ಹಚ್ಚಲು ಬರುವುದಿಲ್ಲ.

ಇನ್ನೂ ದೊಡ್ಡ ತೊಂದರೆ ಎರೆ ಮಣ್ಣೇ. ಬೇಸಿಗೆಯಲ್ಲಿ ಬಿರುಕಿನೊಳಗೆ ಕುಡುಗೋಲು ಜಾರಿದರೆ ಹೋಯಿತು ಅಂತೀವಲ್ಲ, ಅಷ್ಟು ಆಳ ಬಿರಿಯುತ್ತದೆ. ಮೇಲಿನ ಪುಡಿ ಅದರಲ್ಲಿ ಬೀಳುತ್ತದೆ. ಮಳೆ ಬಿದ್ದಾಗ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ, ಒಳಗಿನ ಮಣ್ಣು ಪಕ್ಕಕ್ಕೂ ಮೇಲಕ್ಕೂ ಒತ್ತುತ್ತದೆ. ಹೊಂಡದ ಗೋಡೆಯಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಓರೆ ಮುಖಗಳು ಕಂಡವಾ? ಮಣ್ಣು ಮಣ್ಣಿಗೆ ಉಜ್ಜಿದ ಗುರುತು ಅದು. ಹೀಗೆ ಹೊರಳಾಡುವ ನೆಲದಲ್ಲಿ ಹರಳು ಹುಟ್ಟಿದ ಜಾಗದಲ್ಲೇ ಇದೆ ಅಂತ ಹೇಗೆ ನಂಬೋದು?

ಹರಳನ್ನೇ ಕೈಗೆ ತಗೊಳ್ಳಿ. ಅಂಚು ಸ್ಪಷ್ಟವಾಗಿ ಕಂಡು, ಮೇಲೆ ಕಂದು-ಕಪ್ಪು ಲೇಪವಿದ್ದು, ಮಣ್ಣಿನಿಂದ ಥಟ್ಟನೆ ಬಿಡಿಸಿಕೊಂಡರೆ ಅದು ಹಳೆಯದು, ಬೇರೆ ಕಡೆಯಿಂದ ಬಂದಿರುವ ಸಾಧ್ಯತೆ ಜಾಸ್ತಿ. ಮೆತ್ತಗಿದ್ದು, ಎಲ್ಲಿ ಮುಗಿಯಿತು ಎಲ್ಲಿ ಮಣ್ಣು ಶುರುವಾಯಿತು ಗೊತ್ತಾಗದಿದ್ದರೆ ಅಲ್ಲೇ ಆದದ್ದು. ನಾನು ಹೊಂಡಕ್ಕೆ ಇಳಿದರೆ ಮೊದಲು ಇದನ್ನೇ ನೋಡುತ್ತೇನೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ತೂಗಿದವರ ಲೆಕ್ಕ ನಾನು ನಂಬುವುದಿಲ್ಲ.

ಪ್ರಯೋಗಾಲಯದಲ್ಲಿ ವಯಸ್ಸು ಅಳೆಯುವ ರೇಡಿಯೊ ಕಾರ್ಬನ್ ಪರೀಕ್ಷೆ ಇದೆ, ಸುಮಾರು 50 ಸಾವಿರ ವರ್ಷದವರೆಗೆ ನಡೆಯುತ್ತದೆ. ಆದರೆ ಹರಳು ಈರುಳ್ಳಿಯಂತೆ ಸುತ್ತು ಸುತ್ತಾಗಿ ಬೆಳೆದಿದ್ದರೆ ಪೂರ್ತಿ ಅರೆದು ಕೊಟ್ಟಾಗ ಬರೋದು ಸರಾಸರಿ ವಯಸ್ಸು. ಅದೂ ಹರಳಿನದು, ಹೊಲದ್ದಲ್ಲ.

ಒಂದು ಮಾತು ಬೇರೆ. ಸುಣ್ಣ ಜಾಸ್ತಿ ಇದ್ದಲ್ಲಿ ಕಡಲೆ, ಶೇಂಗಾಕ್ಕೆ ಕಬ್ಬಿಣ, ಸತು ಸರಿಯಾಗಿ ಸಿಗೋದಿಲ್ಲ, ಎಳೆ ಎಲೆ ಹಳದಿಯಾಗುತ್ತದೆ. ಹೊಂಡದ ಮಣ್ಣು ಹೊಲಕ್ಕೆ ಹರಡುವ ಯೋಚನೆ ಇದ್ದರೆ ಹರಳಿರುವ ಕೆಳ ಮಣ್ಣನ್ನು ಬದುವಿಗೇ ಹಾಕಿಸಿ.